ಮಜ್ಜೆಯೊಳಗಿನ ಮದ್ದು: ಆಕರಕೋಶಗಳ ಚರಿತ್ರೆ

ಬಾಳೆಯನ್ನು ಕಡಿದರೆ ಬುಡದಿಂದ ಹೊಸ ಕಂದು ಏಳುತ್ತದೆ. ಬಾಲ ಕಳಕೊಂಡ ಹಲ್ಲಿಗೆ ಕೆಲವೇ ವಾರಗಳಲ್ಲಿ ಇನ್ನೊಂದು ಬಾಲ ಬರುತ್ತದೆ. ಮನುಷ್ಯನಿಗೆ ಈ ಭಾಗ್ಯವಿಲ್ಲ. ಅವನ ಕೈ ತುಂಡಾದರೆ ಮತ್ತೆ ಚಿಗುರುವುದಿಲ್ಲ. ಆದರೆ ಅವನ ದೇಹದಲ್ಲೂ ಹಗಲಿರುಳು ಒಂದು ಚಿಗುರುವಿಕೆ ನಡೆದೇ ಇದೆ. ನಮ್ಮ ರಕ್ತದ ಒಂದು ಕೆಂಪುಕಣ ಬದುಕುವುದು ಸುಮಾರು 120 ದಿನ ಮಾತ್ರ. ಸತ್ತ ಕಣಗಳ ಜಾಗವನ್ನು ತುಂಬಲು ದೇಹವು ಪ್ರತಿ ಸೆಕೆಂಡಿಗೆ ಸುಮಾರು 20 ಲಕ್ಷ ಹೊಸ ಕೆಂಪುಕಣಗಳನ್ನು ತಯಾರಿಸಬೇಕು. ಮೂಳೆಯೊಳಗಿನ ಮಜ್ಜೆಯಲ್ಲಿ ಈ ಕೆಲಸ ಹುಟ್ಟಿನಿಂದ ಸಾವಿನವರೆಗೆ ನಿಲ್ಲದೆ ಸಾಗುತ್ತದೆ. ಅದನ್ನು ಮಾಡುವವರು ಯಾರು?

ಅದಕ್ಕೆ ವಿಜ್ಞಾನ ಕೊಟ್ಟ ಉತ್ತರವೇ ಸ್ಟೆಮ್ ಸೆಲ್. ಕನ್ನಡದಲ್ಲಿ ಇದನ್ನು ಆಕರಕೋಶ, ಕಾಂಡಕೋಶ, ಮೂಲಕೋಶ ಎಂದೆಲ್ಲ ಕರೆಯುತ್ತಾರೆ. ಅದರ ಗುಣಗಳು ಎರಡೇ. ಒಂದು, ಅದು ಒಡೆದು ತನ್ನಂತಹುದೇ ಇನ್ನೊಂದು ಕೋಶವನ್ನು ಉಳಿಸಿಕೊಳ್ಳಬಲ್ಲದು. ಎರಡು, ಅಗತ್ಯ ಬಿದ್ದಾಗ ಬೇರೆ ಬೇರೆ ಕೆಲಸದ ಕೋಶಗಳನ್ನು ಹುಟ್ಟಿಸಬಲ್ಲದು. ಬೀಜದ ಭತ್ತವನ್ನು ಎತ್ತಿಟ್ಟುಕೊಂಡು ಉಳಿದದ್ದನ್ನು ಊಟಕ್ಕೆ ಬಳಸುವ ರೈತನ ಹಾಗೆ. ಮಜ್ಜೆಯಲ್ಲಿ ಇಂತಹ ಕೋಶಗಳು ಬಹಳ ಕಡಿಮೆ; ಸುಮಾರು ಹತ್ತು ಸಾವಿರಕ್ಕೆ ಒಂದು.

ಇಂದು ಪತ್ರಿಕೆಗಳಲ್ಲಿ ಈ ಕೋಶಗಳ ಬಗ್ಗೆ ಎರಡು ಬಗೆಯ ಬರಹಗಳು ಬರುತ್ತವೆ. ಒಂದು, ಸರ್ವರೋಗಕ್ಕೂ ಮದ್ದು ಸಿಕ್ಕಿತು ಎಂಬ ಸಂಭ್ರಮ. ಇನ್ನೊಂದು, ಇದೆಲ್ಲ ಸೃಷ್ಟಿಯ ಜೊತೆಗಿನ ಹುಡುಗಾಟ ಎಂಬ ಭಯ. ಇದರ ಚರಿತ್ರೆಯನ್ನು ತಿಳಿದವರಿಗೆ ಎರಡೂ ಅತಿರೇಕವೆನಿಸುತ್ತದೆ. ಈ ಚರಿತ್ರೆಯನ್ನು ತಿಳಿಯಬೇಕಾದ ಇನ್ನೊಂದು ಕಾರಣವೂ ಇದೆ. ಯಾವುದು ಚಿಕಿತ್ಸೆ, ಯಾವುದು ಬರೀ ವ್ಯಾಪಾರ ಎಂದು ಗೊತ್ತಿಲ್ಲದೆ ನಮ್ಮ ನಡುವಿನ ಎಷ್ಟೋ ಕುಟುಂಬಗಳು ಜಮೀನು, ಒಡವೆ ಮಾರಿಕೊಳ್ಳುತ್ತಿವೆ.

ಅಣುಬಾಂಬು ಕಲಿಸಿದ ಪಾಠ

ಸ್ಟೆಮ್ ಸೆಲ್ ಎಂಬ ಹೆಸರು ಹಳೆಯದು. ಜರ್ಮನಿಯ ಜೀವವಿಜ್ಞಾನಿ ಅರ್ನ್ಸ್ಟ್ ಹೆಕೆಲ್ 1868ರಲ್ಲಿ ಸ್ಟಾಮ್‌ಸೆಲ್ಲೆ ಎಂಬ ಪದವನ್ನು ಬಳಸಿದ. ಸಕಲ ಜೀವಿಗಳ ಪೂರ್ವಜನಾದ ಏಕಕೋಶ ಜೀವಿ ಎಂಬುದು ಅವನ ಮನಸ್ಸಿನಲ್ಲಿದ್ದ ಅರ್ಥ. 20ನೇ ಶತಮಾನದ ಆರಂಭದಲ್ಲಿ ರಶ್ಯದ ಅಲೆಕ್ಸಾಂಡರ್ ಮ್ಯಾಕ್ಸಿಮೊವ್, ರಕ್ತದ ಎಲ್ಲ ಬಗೆಯ ಕಣಗಳೂ ಒಂದೇ ಮೂಲಕೋಶದಿಂದ ಬರುತ್ತವೆ ಎಂದು ವಾದಿಸಿದ. ಆದರೆ ಅದನ್ನು ಸಾಬೀತುಪಡಿಸುವ ದಾರಿ ಯಾರಿಗೂ ತಿಳಿದಿರಲಿಲ್ಲ.

ದಾರಿ ತೋರಿಸಿದ್ದು ಒಂದು ಮಹಾ ಪಾತಕ. 1945ರ ಆಗಸ್ಟ್ 6ರಂದು ಹಿರೋಶಿಮಾದ ಮೇಲೆ, 9ರಂದು ನಾಗಸಾಕಿಯ ಮೇಲೆ ಅಮೆರಿಕ ಅಣುಬಾಂಬು ಹಾಕಿತು. ಸ್ಫೋಟದಲ್ಲಿ, ಬೆಂಕಿಯಲ್ಲಿ ಸತ್ತವರ ಕಥೆ ಎಲ್ಲರಿಗೂ ಗೊತ್ತು. ಆದರೆ ಮೈಮೇಲೆ ಹೇಳಿಕೊಳ್ಳುವ ಗಾಯವಿಲ್ಲದೆ ಉಳಿದುಕೊಂಡ ಅನೇಕರು ಕೆಲವು ವಾರಗಳ ಬಳಿಕ ಸಾಯತೊಡಗಿದರು. ಕೂದಲು ಉದುರಿತು, ಒಸಡಿನಿಂದ ರಕ್ತ ಸುರಿಯಿತು, ಸಣ್ಣ ಸೋಂಕನ್ನೂ ತಡೆಯುವ ಶಕ್ತಿ ದೇಹಕ್ಕೆ ಇಲ್ಲವಾಯಿತು. ವಿಕಿರಣವು ಅವರ ಮಜ್ಜೆಯನ್ನು ಸುಟ್ಟುಹಾಕಿತ್ತು. ರಕ್ತದಲ್ಲಿ ಮೊದಲೇ ಇದ್ದ ಕಣಗಳು ತೀರುವವರೆಗೆ ಬದುಕಿದ್ದರು; ಹೊಸದು ಬರಲಿಲ್ಲ.

ಯುದ್ಧದ ಬಳಿಕ ಅಣುಶಕ್ತಿಯ ಭಯದಿಂದ ಸಂಶೋಧನೆಗೆ ಹಣ ಹರಿಯಿತು. 1949ರಲ್ಲಿ ಶಿಕಾಗೊದ ಲಿಯೊನ್ ಜೇಕಬ್‌ಸನ್ ಇಲಿಗಳ ಗುಲ್ಮವನ್ನು ಸೀಸದಿಂದ ಮರೆಮಾಡಿ ಉಳಿದ ದೇಹಕ್ಕೆ ಮಾರಕ ವಿಕಿರಣ ಹಾಯಿಸಿದರು. ಇಲಿಗಳು ಬದುಕಿದವು. 1951ರಲ್ಲಿ ಈಗನ್ ಲೊರೆನ್ಜ್ ಮತ್ತು ಸಂಗಡಿಗರು, ವಿಕಿರಣಕ್ಕೆ ತುತ್ತಾದ ಪ್ರಾಣಿಗೆ ಇನ್ನೊಂದರ ಮಜ್ಜೆಯನ್ನು ಚುಚ್ಚುಮದ್ದಿನ ಮೂಲಕ ಕೊಟ್ಟರೂ ಅದು ಬದುಕುತ್ತದೆ ಎಂದು ತೋರಿಸಿದರು. ಹಾಗಾದರೆ ಮಜ್ಜೆಯಲ್ಲಿ ಇರುವುದು ಯಾವುದೋ ರಸವೇ, ಕೋಶವೇ? ಈ ಚರ್ಚೆ ಕೆಲವು ವರ್ಷ ನಡೆಯಿತು. 1956ರಲ್ಲಿ ಇಂಗ್ಲೆಂಡಿನ ಹಾರ್ವೆಲ್‌ನ ವಿಜ್ಞಾನಿಗಳು ವರ್ಣತಂತುಗಳ ಗುರುತಿನ ಮೂಲಕ, ದಾನಿ ಇಲಿಯ ಕೋಶಗಳೇ ಹೊಸ ದೇಹದಲ್ಲಿ ಬೇರೂರುತ್ತವೆ ಎಂದು ಖಚಿತಪಡಿಸಿದರು.

ಅಪರಿಚಿತರಿಗೆ ಮಜ್ಜೆ ಕೊಟ್ಟವರು

ಈ ಪಾಠವನ್ನು ಮನುಷ್ಯನ ಮೇಲೆ ಪರೀಕ್ಷಿಸುವ ಸಂದರ್ಭ ಬೇಗನೆ ಬಂತು. 1958ರ ಅಕ್ಟೋಬರ್ 15ರಂದು ಯುಗೊಸ್ಲಾವಿಯದ ಬೆಲ್‌ಗ್ರೇಡ್ ಬಳಿಯ ವಿಂಚಾ ಎಂಬಲ್ಲಿನ ಅಣು ರಿಯಾಕ್ಟರ್ ಹತೋಟಿ ತಪ್ಪಿತು. ಆರು ಮಂದಿ ವಿಕಿರಣಕ್ಕೆ ತುತ್ತಾದರು. ಅವರನ್ನು ವಿಮಾನದಲ್ಲಿ ಪ್ಯಾರಿಸ್ಸಿಗೆ ಒಯ್ಯಲಾಯಿತು. ಅಲ್ಲಿನ ವೈದ್ಯ ಜಾರ್ಜ್ ಮಾಥೆ ಐದು ಮಂದಿಗೆ ಬೇರೆಯವರ ಮಜ್ಜೆಯನ್ನು ನೀಡಲು ನಿರ್ಧರಿಸಿದರು.

ಆದರೆ ಮಜ್ಜೆ ಕೊಡುವವರು ಯಾರು? ಇದಕ್ಕೆ ಮೊದಲು ಯಾರೂ ಹೀಗೆ ಕೊಟ್ಟದ್ದಿರಲಿಲ್ಲ. ಅಪಾಯವೆಷ್ಟೆಂದು ವೈದ್ಯರಿಗೇ ಪೂರ್ತಿ ತಿಳಿದಿರಲಿಲ್ಲ. ಆದರೂ ಫ್ರಾನ್ಸಿನ ಕೆಲವು ನಾಗರಿಕರು, ತಾವು ಕಂಡು ಕೇಳರಿಯದ, ತಮ್ಮ ಭಾಷೆಯನ್ನೂ ಅರಿಯದ ಪರದೇಶದವರಿಗಾಗಿ ಸೂಜಿಗೆ ಮೈಯೊಡ್ಡಿದರು. ಆರು ಮಂದಿಯಲ್ಲಿ ಒಬ್ಬರು ತೀರಿಕೊಂಡರು, ಐವರು ಊರಿಗೆ ಮರಳಿದರು. ಆ ಮಜ್ಜೆ ಅವರಲ್ಲಿ ಶಾಶ್ವತವಾಗಿ ನೆಲೆಸಲಿಲ್ಲ, ತಮ್ಮ ಮಜ್ಜೆ ಚೇತರಿಸುವವರೆಗೆ ಅಷ್ಟಿಷ್ಟು ಆಸರೆಯಾಗಿದ್ದಿರಬಹುದು ಎಂದು ವಿಜ್ಞಾನಿಗಳು ಆಮೇಲೆ ವಾದಿಸಿದ್ದುಂಟು. ಅದೇನೇ ಇರಲಿ, ಅಪರಿಚಿತನ ಮಜ್ಜೆ ಅಪರಿಚಿತನಿಗೆ ದಾನವಾಗಿ ಸಿಗಬಲ್ಲದು ಎಂಬ ನೈತಿಕ ಪಾಠ ಅಲ್ಲಿ ಸಿಕ್ಕಿತು.

ಅಮೆರಿಕದಲ್ಲಿ ಡೊನಾಲ್ ಥಾಮಸ್ ಎಂಬ ವೈದ್ಯ ಇದೇ ಹೊತ್ತಿಗೆ ರಕ್ತದ ಕ್ಯಾನ್ಸರಿಗೆ ಈ ದಾರಿಯನ್ನು ಹುಡುಕುತ್ತಿದ್ದರು. ಔಷಧ ಮತ್ತು ವಿಕಿರಣದಿಂದ ರೋಗಗ್ರಸ್ತ ಮಜ್ಜೆಯನ್ನು ಪೂರ್ತಿ ನಾಶಮಾಡಿ, ಆರೋಗ್ಯವಂತನ ಮಜ್ಜೆಯನ್ನು ಬಿತ್ತುವುದು ಅವರ ಯೋಜನೆ. ಹೇಳಲು ಸುಲಭ. ಆದರೆ ಹೊಸ ಮಜ್ಜೆಯ ಬಿಳಿಕಣಗಳು ರೋಗಿಯ ದೇಹವನ್ನೇ ಪರಕೀಯವೆಂದು ತಿಳಿದು ಅದರ ಮೇಲೆ ದಾಳಿ ಮಾಡುತ್ತಿದ್ದವು. ಒಂದೇ ಅಚ್ಚಿನ ಅವಳಿಗಳಲ್ಲಿ ಮಾತ್ರ ಈ ತೊಂದರೆ ಇರಲಿಲ್ಲ. 1970ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯ ಪ್ರಕಾರ ಅಷ್ಟರವರೆಗೆ ಜಗತ್ತಿನಲ್ಲಿ ವರದಿಯಾದ ಸುಮಾರು 200 ಮಜ್ಜೆ ಕಸಿಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ವಿಫಲವಾಗಿದ್ದವು. ಅನೇಕ ವೈದ್ಯರು ಈ ಕೆಲಸವನ್ನೇ ಕೈಬಿಟ್ಟರು.

ಥಾಮಸ್ ಬಿಡಲಿಲ್ಲ. ಅವರು ನಾಯಿಗಳ ಮೇಲೆ ವರ್ಷಗಟ್ಟಲೆ ಪ್ರಯೋಗ ಮುಂದುವರಿಸಿದರು. ಪತ್ನಿ ಡಾಟಿ ಥಾಮಸ್ ಪ್ರಯೋಗಾಲಯದಲ್ಲಿ ಅವರ ಜೊತೆಗೇ ದುಡಿದರು. ಈ ನಡುವೆ ಪ್ಯಾರಿಸ್ಸಿನ ಜಾನ್ ಡೋಸೆ 1958ರಲ್ಲಿ ಬಿಳಿಕಣಗಳ ಮೇಲಿನ ಗುರುತುಚೀಟಿಯಂತಹ ಅಂಶಗಳನ್ನು ಕಂಡುಹಿಡಿದಿದ್ದರು. ಇವನ್ನು ಎಚ್‌ಎಲ್‌ಎ ಎನ್ನುತ್ತಾರೆ. ತಂದೆಯಿಂದ ಅರ್ಧ, ತಾಯಿಯಿಂದ ಅರ್ಧ ಬರುವ ಈ ಗುರುತು ಒಡಹುಟ್ಟಿದವರಿಬ್ಬರಲ್ಲಿ ಪೂರ್ತಿ ಹೊಂದುವ ಸಾಧ್ಯತೆ ನಾಲ್ಕರಲ್ಲಿ ಒಂದು. 1968ರಲ್ಲಿ ಮಿನ್ನೆಸೊಟದಲ್ಲಿ ರಾಬರ್ಟ್ ಗುಡ್ ಅವರ ತಂಡವು ರೋಗನಿರೋಧಕ ಶಕ್ತಿಯೇ ಇಲ್ಲದೆ ಹುಟ್ಟಿದ್ದ ಮಗುವಿಗೆ ಅದರ ಅಕ್ಕನ ಮಜ್ಜೆಯನ್ನು ನೀಡಿ ಉಳಿಸಿತು. 1977ರಲ್ಲಿ ಥಾಮಸ್ ತಂಡ ಸಿಯಾಟಲ್‌ನಿಂದ ಒಂದು ವರದಿ ಪ್ರಕಟಿಸಿತು. ಬೇರೆಲ್ಲ ಚಿಕಿತ್ಸೆ ವಿಫಲವಾಗಿದ್ದ 100 ಲ್ಯುಕೇಮಿಯ ರೋಗಿಗಳಲ್ಲಿ 13 ಮಂದಿ ರೋಗಮುಕ್ತರಾಗಿ ಬದುಕಿದ್ದರು. ನೂರರಲ್ಲಿ ಹದಿಮೂರು ಕಡಿಮೆಯೆನಿಸಬಹುದು. ಆದರೆ ಅದಕ್ಕೆ ಮುಂಚೆ ಆ ಸಂಖ್ಯೆ ಸೊನ್ನೆಗೆ ಸಮೀಪವಿತ್ತು. 1990ರಲ್ಲಿ ಥಾಮಸ್‌ಗೆ ನೊಬೆಲ್ ಬಂತು.

ಇಲಿಯ ಗುಲ್ಮದ ಗಂಟುಗಳು

ಇಲ್ಲಿ ಒಂದು ವಿಚಿತ್ರವನ್ನು ಗಮನಿಸಬೇಕು. ವೈದ್ಯರು ಮಜ್ಜೆ ಕಸಿಗೆ ತೊಡಗಿದಾಗ ಅದರಲ್ಲಿರುವ ಆಕರಕೋಶದ ಅಸ್ತಿತ್ವವೇ ಸಾಬೀತಾಗಿರಲಿಲ್ಲ. ಆ ಕೆಲಸ ನಡೆದದ್ದು ಕೆನಡದ ಟೊರೊಂಟೊದಲ್ಲಿ. ಜೇಮ್ಸ್ ಟಿಲ್ ಭೌತವಿಜ್ಞಾನಿ, ಅರ್ನೆಸ್ಟ್ ಮೆಕ್ಕಲೊಕ್ ವೈದ್ಯ. ವಿಕಿರಣಕ್ಕೆ ಒಡ್ಡಿದ ಇಲಿಗಳಿಗೆ ಮಜ್ಜೆಯ ಕೋಶಗಳನ್ನು ಎಣಿಸಿ ಕೊಟ್ಟು, ಎಷ್ಟು ಕೊಟ್ಟರೆ ಇಲಿ ಉಳಿಯುತ್ತದೆ ಎಂದು ನೋಡುತ್ತಿದ್ದರು. ಹತ್ತು ದಿನಗಳಾದ ಬಳಿಕ ಇಲಿಗಳ ಗುಲ್ಮದ ಮೇಲೆ ಸಣ್ಣ ಸಣ್ಣ ಗಂಟುಗಳು ಕಂಡವು. ಕೊಟ್ಟ ಮಜ್ಜೆ ಹೆಚ್ಚಾದಷ್ಟೂ ಗಂಟುಗಳ ಸಂಖ್ಯೆಯೂ ಅದೇ ಲೆಕ್ಕದಲ್ಲಿ ಹೆಚ್ಚುತ್ತಿತ್ತು. 1961ರಲ್ಲಿ ಇದನ್ನು ಪ್ರಕಟಿಸಿದರು. 1963ರಲ್ಲಿ ಆಂಡ್ರೂ ಬೆಕರ್ ಜೊತೆ ಸೇರಿ, ಒಂದು ಗಂಟು ಒಂದೇ ಕೋಶದಿಂದ ಹುಟ್ಟಿದ ಸಂತಾನ ಎಂದು ತೋರಿಸಿದರು. ಒಂದೇ ಗಂಟಿನಲ್ಲಿ ರಕ್ತದ ಬೇರೆ ಬೇರೆ ಬಗೆಯ ಕಣಗಳಿದ್ದವು. ಹೆಸರಿಗೆ ಮಾತ್ರ ಇದ್ದ ಆಕರಕೋಶ ಕಡೆಗೂ ಕೈಗೆ ಸಿಕ್ಕಿತು.

ಅವರಿಬ್ಬರಿಗೆ 2005ರಲ್ಲಿ ಲಾಸ್ಕರ್ ಪ್ರಶಸ್ತಿ ಬಂತು, ನೊಬೆಲ್ ಬರಲಿಲ್ಲ. ಮೆಕ್ಕಲೊಕ್ 2011ರಲ್ಲಿ ತೀರಿಕೊಂಡರು.

ಭಾರತದಲ್ಲಿ ಮೊದಲ ಯಶಸ್ವೀ ಮಜ್ಜೆ ಕಸಿ ನಡೆದದ್ದು 1983ರಲ್ಲಿ, ಮುಂಬೈಯ ಟಾಟಾ ಮೆಮೋರಿಯಲ್ ಆಸ್ಪತ್ರೆಯಲ್ಲಿ. ಡಾ. ಸುರೇಶ್ ಅಡ್ವಾಣಿ ಅದರ ನೇತೃತ್ವ ವಹಿಸಿದ್ದರು. ಬಾಲ್ಯದಲ್ಲೇ ಪೋಲಿಯೊಗೆ ತುತ್ತಾಗಿ ಗಾಲಿಕುರ್ಚಿಯಲ್ಲಿದ್ದುಕೊಂಡೇ ವೈದ್ಯರಾದವರು ಅವರು. 1986ರಲ್ಲಿ ವೆಲ್ಲೂರಿನ ಸಿಎಂಸಿಯಲ್ಲಿ ಡಾ. ಮಾಮ್ಮೆನ್ ಚಾಂಡಿಯವರ ತಂಡ ಥಲಸ್ಸೇಮಿಯ ಪೀಡಿತ ಮಗುವಿಗೆ ಕಸಿ ಮಾಡಿತು. ನಮ್ಮಲ್ಲಿ ಪ್ರತಿವರ್ಷ ಸುಮಾರು 10,000 ಮಕ್ಕಳು ತೀವ್ರ ಥಲಸ್ಸೇಮಿಯದೊಂದಿಗೆ ಹುಟ್ಟುತ್ತಾರೆಂಬ ಅಂದಾಜಿದೆ. ಎರಡು ಮೂರು ವಾರಕ್ಕೊಮ್ಮೆ ರಕ್ತ ಹಾಕಿಸಿಕೊಳ್ಳುತ್ತಾ ಬದುಕುವ ಆ ಮಕ್ಕಳಿಗೆ ಬಹುಕಾಲ ಇದೊಂದೇ ಶಾಶ್ವತ ಪರಿಹಾರವಾಗಿತ್ತು.

ಭ್ರೂಣದ ಪ್ರಶ್ನೆ

ಇಷ್ಟರವರೆಗಿನದು ದೊಡ್ಡವರ ದೇಹದ ಆಕರಕೋಶದ ಕಥೆ. ಇವುಗಳ ಶಕ್ತಿಗೆ ಮಿತಿಯಿದೆ. ಮಜ್ಜೆಯ ಕೋಶ ರಕ್ತವನ್ನು ಕೊಡುತ್ತದೆ, ಮಿದುಳನ್ನು ಕೊಡುವುದಿಲ್ಲ. ಆದರೆ ಗರ್ಭಾಂಕುರವಾದ ಕೆಲವು ದಿನಗಳ ಭ್ರೂಣದಲ್ಲಿನ ಕೋಶಗಳಿಂದ ದೇಹದ ಯಾವ ಅಂಗವೂ ರೂಪುಗೊಳ್ಳಬಲ್ಲದು. 1981ರಲ್ಲಿ ಕೇಂಬ್ರಿಜ್‌ನ ಮಾರ್ಟಿನ್ ಇವಾನ್ಸ್ ಮತ್ತು ಮ್ಯಾಥ್ಯೂ ಕಾಫ್‌ಮನ್ ಹಾಗೂ ಅದೇ ವರ್ಷ ಸಾನ್‌ಫ್ರಾನ್ಸಿಸ್ಕೊದ ಗೇಲ್ ಮಾರ್ಟಿನ್ ಇಲಿಯ ಭ್ರೂಣದಿಂದ ಇಂತಹ ಕೋಶಗಳನ್ನು ತೆಗೆದು ಬೆಳೆಸಿದರು. 1998ರ ನವೆಂಬರ್‌ನಲ್ಲಿ ಅಮೆರಿಕದ ವಿಸ್ಕಾನ್ಸಿನ್‌ನ ಜೇಮ್ಸ್ ಥಾಮ್ಸನ್ ಮನುಷ್ಯ ಭ್ರೂಣದಿಂದಲೇ ಅದನ್ನು ಸಾಧಿಸಿದಾಗ ಜಗತ್ತು ಬೆಚ್ಚಿತು. ಏಕೆಂದರೆ ಕೋಶ ತೆಗೆದರೆ ಆ ಭ್ರೂಣ ಉಳಿಯುವುದಿಲ್ಲ.

ಬಳಸಿದ್ದು ಪ್ರನಾಳ ಶಿಶು ಚಿಕಿತ್ಸೆಯಲ್ಲಿ ಮಿಕ್ಕುಳಿದ, ದಂಪತಿಗಳು ಒಪ್ಪಿ ಕೊಟ್ಟ ಭ್ರೂಣಗಳನ್ನು. ಆದರೂ ಪ್ರಶ್ನೆ ಉಳಿಯಿತು: ಜೀವ ಎಂದಿನಿಂದ ಆರಂಭ? ಗರ್ಭ ಕಟ್ಟಿದ ಕ್ಷಣದಿಂದಲೇ ಎಂದು ಕ್ಯಾಥೊಲಿಕ್ ಚರ್ಚ್ ಹೇಳಿತು ಮತ್ತು ಈ ಸಂಶೋಧನೆಯನ್ನು ವಿರೋಧಿಸಿತು. ಯಹೂದಿ ಧರ್ಮಗುರುಗಳಲ್ಲಿ ಹೆಚ್ಚಿನವರು ಗರ್ಭದ ಹೊರಗಿನ ಭ್ರೂಣಕ್ಕೆ ಆ ಸ್ಥಾನ ಕೊಡಲಿಲ್ಲ. ಮುಸ್ಲಿಮ್ ವಿದ್ವಾಂಸರಲ್ಲಿ ಹಲವರು, ಭ್ರೂಣಕ್ಕೆ ಆತ್ಮ ಊದಲ್ಪಡುವುದು 120 ದಿನಗಳ ಬಳಿಕ ಎಂಬ ಪ್ರಸಿದ್ಧ ಅಭಿಪ್ರಾಯವನ್ನು ಆಧರಿಸಿದರು. 2003ರಲ್ಲಿ ಮಕ್ಕಾದಲ್ಲಿ ಸೇರಿದ್ದ ಮುಸ್ಲಿಮ್ ವರ್ಲ್ಡ್ ಲೀಗ್‌ನ ಫಿಕ್ಹ್ ಮಂಡಳಿಯು, ಮಿಕ್ಕುಳಿದ ಭ್ರೂಣಗಳನ್ನು ಪೋಷಕರ ಒಪ್ಪಿಗೆಯಿಂದ ಚಿಕಿತ್ಸೆಯ ಸಂಶೋಧನೆಗೆ ಬಳಸಬಹುದು, ಆದರೆ ಅದಕ್ಕಾಗಿಯೇ ಭ್ರೂಣವನ್ನು ಸೃಷ್ಟಿಸಬಾರದು ಎಂಬ ನಿಲುವು ತಳೆಯಿತು. ಇರಾನಿನಲ್ಲಿ 2002ರಲ್ಲಿ ಧಾರ್ಮಿಕ ಅನುಮತಿ ಸಿಕ್ಕಿತು. 1991ರಲ್ಲಿ ಟೆಹರಾನಿನಲ್ಲಿ ಸಣ್ಣ ಬಂಜೆತನ ಚಿಕಿತ್ಸಾ ಕೇಂದ್ರವಾಗಿ ಆರಂಭವಾಗಿದ್ದ ರೊಯಾನ್ ಸಂಸ್ಥೆ 2003ರಲ್ಲಿ ಮನುಷ್ಯ ಭ್ರೂಣದ ಆಕರಕೋಶಗಳನ್ನು ಬೆಳೆಸಿತು. ಧರ್ಮವು ವಿಜ್ಞಾನದ ಶತ್ರು ಎಂದು ಸುಲಭವಾಗಿ ತೀರ್ಪು ಕೊಡುವವರು ಇದನ್ನು ಗಮನಿಸಬೇಕು. ಅದೇ ರೀತಿ, ಭ್ರೂಣದ ಗೌರವದ ಬಗ್ಗೆ ಪ್ರಶ್ನೆ ಎತ್ತಿದವರನ್ನೆಲ್ಲ ಮೂಢರೆನ್ನುವುದೂ ಸರಿಯಲ್ಲ.

2001ರ ಆಗಸ್ಟ್ 9ರಂದು ಅಧ್ಯಕ್ಷ ಬುಶ್, ಅಂದಿನವರೆಗೆ ತಯಾರಾಗಿದ್ದ ಕೋಶಸಾಲುಗಳಿಗೆ ಮಾತ್ರ ಸರಕಾರಿ ಹಣ ಎಂದು ಘೋಷಿಸಿದರು. ಆಗ ಅಮೆರಿಕ ಪ್ರಕಟಿಸಿದ ಪಟ್ಟಿಯಲ್ಲಿ ಭಾರತದ ಎರಡು ಹೆಸರುಗಳಿದ್ದವು: ಮುಂಬೈಯ ರಿಲಯನ್ಸ್ ಲೈಫ್ ಸೈನ್ಸಸ್ ಮತ್ತು ನಮ್ಮ ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರ. ಆ ನಿರ್ಬಂಧವನ್ನು 2009ರ ಮಾರ್ಚ್‌ನಲ್ಲಿ ಒಬಾಮ ತೆಗೆದುಹಾಕಿದರು. ಬೆಂಗಳೂರಿನಲ್ಲಿ ಮುಂದೆ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಮನೀಷಾ ಇನಾಮ್‌ದಾರ್ ಅವರ ತಂಡ ಎರಡು ಮಾನವ ಕೋಶಸಾಲುಗಳನ್ನು ಬೆಳೆಸಿತು.

ಸುಳ್ಳು ಮತ್ತು ಸತ್ಯ

ಪೈಪೋಟಿ ಹೆಚ್ಚಾದಲ್ಲಿ ಸುಳ್ಳೂ ನುಸುಳುತ್ತದೆ. ದಕ್ಷಿಣ ಕೊರಿಯದ ಹ್ವಾಂಗ್ ವೂ ಸುಕ್ 2004 ಮತ್ತು 2005ರಲ್ಲಿ, ತದ್ರೂಪಿ ಮಾನವ ಭ್ರೂಣದಿಂದ ಆಕರಕೋಶ ಪಡೆದುದಾಗಿ ಪ್ರತಿಷ್ಠಿತ ಸೈನ್ಸ್ ಪತ್ರಿಕೆಯಲ್ಲಿ ಬರೆದರು. ದೇಶ ಅವರನ್ನು ಹೆಗಲ ಮೇಲೆ ಹೊತ್ತು ಕುಣಿಯಿತು. 2006ರ ಜನವರಿಯಲ್ಲಿ ಅವರದೇ ವಿಶ್ವವಿದ್ಯಾನಿಲಯ ಅದೆಲ್ಲ ಕಟ್ಟುಕಥೆ ಎಂದು ಘೋಷಿಸಿತು. ಅವರ ಕೈಕೆಳಗೆ ದುಡಿಯುತ್ತಿದ್ದ ಯುವತಿಯರ ಅಂಡಾಣುಗಳನ್ನೂ ಈ ಪ್ರಯೋಗಕ್ಕೆ ಬಳಸಲಾಗಿತ್ತು. ಹಾಗಾದರೆ ಅವರು ಕೊಟ್ಟ ಒಪ್ಪಿಗೆಗೆ ಏನು ಬೆಲೆ?

ಅದೇ ವರ್ಷ ಜಪಾನಿನ ಕ್ಯೋಟೊದಿಂದ ಶಿನ್ಯಾ ಯಮನಾಕ ಇನ್ನೊಂದು ಸುದ್ದಿ ಕೊಟ್ಟರು. ಇಲಿಯ ಸಾಮಾನ್ಯ ಕೋಶದೊಳಗೆ ಕೇವಲ 4 ವಂಶವಾಹಿಗಳನ್ನು ಸೇರಿಸಿ, ಅದನ್ನು ಭ್ರೂಣದ ಆಕರಕೋಶದಂತಹ ಸ್ಥಿತಿಗೆ ಹಿಂದಿರುಗಿಸಿದ್ದರು. 2007ರಲ್ಲಿ ಮನುಷ್ಯನ ಚರ್ಮದ ಕೋಶದಲ್ಲೂ ಇದು ಸಾಧ್ಯವಾಯಿತು. ಭ್ರೂಣವನ್ನು ಮುಟ್ಟುವ ಅಗತ್ಯವೇ ಇಲ್ಲ! 1962ರಲ್ಲೇ ಕಪ್ಪೆಯ ಮೇಲಿನ ಪ್ರಯೋಗದಿಂದ ಈ ದಾರಿಯನ್ನು ಸೂಚಿಸಿದ್ದ ಜಾನ್ ಗರ್ಡನ್ ಅವರ ಜೊತೆ ಯಮನಾಕರಿಗೆ 2012ರ ನೊಬೆಲ್ ದೊರೆಯಿತು. 2014ರಲ್ಲಿ ಜಪಾನಿನ ಮಸಾಯೊ ತಕಾಹಾಶಿ ಅವರ ತಂಡ ಈ ಬಗೆಯ ಕೋಶದಿಂದ ಬೆಳೆಸಿದ ಅಕ್ಷಿಪಟಲದ ಪೊರೆಯನ್ನು ವೃದ್ಧೆಯೊಬ್ಬರ ಕಣ್ಣಿಗೆ ಕಸಿ ಮಾಡಿತು.

ಸುಣ್ಣ ಸುಟ್ಟ ಕಣ್ಣಿಗೆ ಬೆಳಕು

ಕಣ್ಣಿನ ವಿಚಾರದಲ್ಲಿ ನಾವು ಹೆಮ್ಮೆಪಡಬೇಕಾದ ಕೆಲಸ ಹೈದರಾಬಾದಿನಲ್ಲಿ ನಡೆದಿದೆ. ಎಲೆಯಡಿಕೆಗೆ, ತಂಬಾಕಿಗೆ ಬಳಸುವ ಸುಣ್ಣದ ಪೊಟ್ಟಣ ನಮ್ಮ ಮನೆಗಳಲ್ಲಿ ಸಾಮಾನ್ಯ. ಅದನ್ನು ಮಕ್ಕಳು ಆಟವಾಡುತ್ತಾ ಹಿಸುಕಿದಾಗ ಸುಣ್ಣ ಕಣ್ಣಿಗೆ ಸಿಡಿಯುತ್ತದೆ. ಕಪ್ಪು ಗುಡ್ಡೆಯ ಅಂಚಿನಲ್ಲಿರುವ ಆಕರಕೋಶಗಳು ಸುಟ್ಟುಹೋಗುತ್ತವೆ. ಕಣ್ಣಿನ ಪಾರದರ್ಶಕ ಪಟಲವನ್ನು ಸದಾ ಹೊಸದಾಗಿಡುವುದು ಅವೇ. ಅವು ಸತ್ತರೆ ಪಟಲದ ಮೇಲೆ ಬಿಳಿಪೊರೆ ಬೆಳೆಯುತ್ತದೆ, ದಾನಿಯ ಕಣ್ಣಿನ ಪಟಲ ಹಾಕಿದರೂ ನಿಲ್ಲುವುದಿಲ್ಲ.

1997ರಲ್ಲಿ ಇಟಲಿಯ ಗ್ರಾಜಿಯೆಲ್ಲಾ ಪೆಲ್ಲೆಗ್ರೀನಿ ಮತ್ತು ಮಿಕೇಲೆ ಡಿ ಲೂಕಾ, ರೋಗಿಯ ಒಳ್ಳೆಯ ಕಣ್ಣಿನಿಂದ ಇಂತಹ ಕೋಶಗಳನ್ನು ತೆಗೆದು ಪ್ರಯೋಗಾಲಯದಲ್ಲಿ ಬೆಳೆಸಿ ಕಸಿ ಮಾಡಬಹುದೆಂದು ತೋರಿಸಿದರು. ಹೈದರಾಬಾದಿನ ಎಲ್.ವಿ. ಪ್ರಸಾದ್ ನೇತ್ರ ಸಂಸ್ಥೆಯಲ್ಲಿ 2001ರಿಂದ ಈ ಚಿಕಿತ್ಸೆ ನಡೆಯಿತು. ಡಾ. ವೀರೇಂದ್ರ ಸಂಗ್ವಾನ್ ಮತ್ತು ಡಾ. ಗೀತಾ ವೇಮುಗಂಟಿ ಇದರ ಮುಂಚೂಣಿಯಲ್ಲಿದ್ದರು. ಹೆರಿಗೆಯ ಬಳಿಕ ಸಿಗುವ ಮಾಸಿನ ತೆಳು ಪೊರೆಯ ಮೇಲೆ ಅವರು ಕೋಶಗಳನ್ನು ಬೆಳೆಸಿದರು. 2012ರಲ್ಲಿ ಸಂಗ್ವಾನ್ ತಂಡ ಇನ್ನೂ ಸರಳ ವಿಧಾನವನ್ನು ಪ್ರಕಟಿಸಿತು. ಒಳ್ಳೆಯ ಕಣ್ಣಿನಿಂದ ಸುಮಾರು 2 ಮಿಲಿಮೀಟರಿನಷ್ಟು ಅಂಗಾಂಶ ತೆಗೆದು, ಚೂರು ಮಾಡಿ, ಆ ಪೊರೆಯ ಮೇಲೆ ನೇರ ಕೆಟ್ಟ ಕಣ್ಣಿನಲ್ಲೇ ನೆಡುವುದು. ದುಬಾರಿ ಪ್ರಯೋಗಾಲಯವೇ ಬೇಡ. ಬಡ ದೇಶಕ್ಕೆ ಬೇಕಾದ ವಿಜ್ಞಾನ ಇಂತಹುದು.

ಆಶೆಯ ವ್ಯಾಪಾರ

ಈಗ ನಮ್ಮ ಮನೆಬಾಗಿಲಿಗೆ ಬರೋಣ. 1988ರಲ್ಲಿ ಪ್ಯಾರಿಸ್ಸಿನಲ್ಲಿ ಎಲಿಯಾನ್ ಗ್ಲುಕ್‌ಮನ್, ಆನುವಂಶಿಕ ರಕ್ತಹೀನತೆಯಿದ್ದ ಬಾಲಕನಿಗೆ ಅವನ ನವಜಾತ ತಂಗಿಯ ಹೊಕ್ಕುಳಬಳ್ಳಿಯ ರಕ್ತವನ್ನು ನೀಡಿ ಗುಣಪಡಿಸಿದರು. ಎಸೆಯುವ ಬಳ್ಳಿಯೂ ಅಮೂಲ್ಯ ಎಂದು ತಿಳಿಯಿತು. ಅದರ ಬೆನ್ನಿಗೇ ಖಾಸಗಿ ಬ್ಯಾಂಕುಗಳು ಹುಟ್ಟಿದವು. ಮಗುವಿನ ಭವಿಷ್ಯದ ವಿಮೆ ಎಂದು ಹೆರಿಗೆಗೆ ಮುಂಚೆಯೇ ತಂದೆ ತಾಯಿಯನ್ನು ಒಪ್ಪಿಸಲಾಗುತ್ತದೆ. ಆದರೆ ಮಗುವಿಗೆ ಆನುವಂಶಿಕ ರೋಗವಿದ್ದರೆ ಅದೇ ದೋಷ ಅದರ ಬಳ್ಳಿಯ ರಕ್ತದಲ್ಲೂ ಇರುತ್ತದೆ. ಆ ಬಾಲಕ ಗುಣವಾದದ್ದು ತಂಗಿಯ ಕೋಶದಿಂದ, ತನ್ನದರಿಂದಲ್ಲ. ತನ್ನದೇ ಮುಂದಿನ ಬಳಕೆಗೆಂದು ಹೀಗೆ ಕಾದಿಡುವುದಕ್ಕೆ ವೈಜ್ಞಾನಿಕ ಆಧಾರವಿಲ್ಲ ಎಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಹೇಳಿದೆ. ಮನೆಯಲ್ಲಿ ಈಗಾಗಲೇ ಕಸಿಯಿಂದ ಗುಣವಾಗಬಲ್ಲ ರೋಗವಿರುವ ಮಗುವಿದ್ದರೆ ಆ ಮಾತು ಬೇರೆ.

ಇನ್ನು ಬುದ್ಧಿಮಾಂದ್ಯ, ಆಟಿಸಂ, ಬೆನ್ನುಹುರಿಯ ಪೆಟ್ಟು, ಮಧುಮೇಹ, ಮಂಡಿನೋವು ಎಲ್ಲಕ್ಕೂ ಸ್ಟೆಮ್ ಸೆಲ್ ಚುಚ್ಚುಮದ್ದು ಎಂಬ ಜಾಹೀರಾತುಗಳಿವೆ. ಇಂತಹ ಮಗುವಿರುವ ತಾಯಿಗೆ ಬೇಡ ಎನ್ನುವ ಧೈರ್ಯ ಎಲ್ಲಿಂದ ಬರಬೇಕು? ಆ ತಾಯಿಯ ಕಣ್ಣೀರೇ ಈ ವ್ಯಾಪಾರದ ಬಂಡವಾಳ. 2007ರ ಸರಕಾರಿ ಮಾರ್ಗಸೂಚಿಯ ಶೀರ್ಷಿಕೆಯಲ್ಲಿ ಸಂಶೋಧನೆ ಮತ್ತು ಚಿಕಿತ್ಸೆ ಎಂಬ ಎರಡೂ ಪದಗಳಿದ್ದವು. 2013ರಲ್ಲಿ ಪರಿಷ್ಕರಿಸಿದಾಗ ಚಿಕಿತ್ಸೆ ಎಂಬ ಪದವನ್ನೇ ಕೈಬಿಡಲಾಯಿತು. ರಕ್ತದ ರೋಗಗಳಂತಹ ಕೆಲವು ಸಾಬೀತಾದ ಬಳಕೆಗಳ ಹೊರತು ಉಳಿದುದೆಲ್ಲ ಇನ್ನೂ ಪ್ರಯೋಗ ಎಂಬುದು ಇದರ ಅರ್ಥ. ಪ್ರಯೋಗಕ್ಕೆ ಒಳಗಾಗುವವನಿಂದ ಹಣ ಪಡೆಯುವಂತಿಲ್ಲ. ಯಾರಾದರೂ ಹಣ ಕೇಳಿ ಹೊಸ ಸ್ಟೆಮ್ ಸೆಲ್ ಚಿಕಿತ್ಸೆ ಕೊಡುತ್ತೇವೆಂದರೆ ಅಲ್ಲಿಗೇ ಅನುಮಾನ ಪಡಬೇಕು. ಇದು ಎಲ್ಲ ಹೆತ್ತವರಿಗೂ ತಿಳಿದಿರಬೇಕಾದ ಮಾತು.

ಇನ್ನೊಂದೆಡೆ ಸಾಬೀತಾದ ಚಿಕಿತ್ಸೆಯೇ ಬಡವರ ಕೈಗೆಟುಕುತ್ತಿಲ್ಲ. 2023ರ ನವೆಂಬರ್‌ನಲ್ಲಿ ಬ್ರಿಟನ್, ಕುಡುಗೋಲು ಕಣ ರೋಗ ಮತ್ತು ಥಲಸ್ಸೇಮಿಯಕ್ಕೆ ರೋಗಿಯದೇ ಆಕರಕೋಶವನ್ನು ತೆಗೆದು ವಂಶವಾಹಿಯನ್ನು ತಿದ್ದಿ ಮರಳಿಸುವ ಚಿಕಿತ್ಸೆಗೆ ಒಪ್ಪಿಗೆ ನೀಡಿತು. ದಾನಿಯೇ ಬೇಡ. ಆದರೆ ಅಮೆರಿಕದಲ್ಲಿ ಅದಕ್ಕೆ ಇಟ್ಟ ಬೆಲೆ 22 ಲಕ್ಷ ಡಾಲರ್! ಈ ರೋಗಗಳು ಹೆಚ್ಚಾಗಿರುವುದು ಆಫ್ರಿಕದ ಹಳ್ಳಿಗಳಲ್ಲಿ, ನಮ್ಮ ಆದಿವಾಸಿಗಳ ಹಾಡಿಗಳಲ್ಲಿ. ಥಲಸ್ಸೇಮಿಯ ಮಕ್ಕಳ ಕಸಿಗೆ ಕೋಲ್ ಇಂಡಿಯಾದ ನೆರವಿನಿಂದ 2017ರಲ್ಲಿ ಆರಂಭವಾದ ಯೋಜನೆಯಲ್ಲಿ 10 ಲಕ್ಷ ರೂಪಾಯಿಯವರೆಗೆ ಸಹಾಯ ದೊರೆತ ಉದಾಹರಣೆಗಳಿವೆ. ಇಂತಹವು ಹೆಚ್ಚಬೇಕು.

ಹಣದಷ್ಟೇ ದೊಡ್ಡ ಕೊರತೆ ದಾನಿಗಳದ್ದು. ಒಡಹುಟ್ಟಿದವರಲ್ಲಿ ಹೊಂದಿಕೆ ಸಿಗದ ರೋಗಿ ತನ್ನದೇ ಸಮುದಾಯದ, ತನ್ನದೇ ಸೀಮೆಯ ಯಾರಲ್ಲಾದರೂ ಅದನ್ನು ಹುಡುಕಬೇಕು. ಏಕೆಂದರೆ ಈ ಗುರುತುಗಳು ಜನಾಂಗದಿಂದ ಜನಾಂಗಕ್ಕೆ ಬೇರೆ. ವಿದೇಶದ ಪಟ್ಟಿಯಲ್ಲಿ ಲಕ್ಷಾಂತರ ಹೆಸರಿದ್ದರೂ ನಮ್ಮ ಮಗುವಿಗೆ ಹೊಂದುವವರು ಅಲ್ಲಿ ಅಪರೂಪ. ಚೆನ್ನೈಯಲ್ಲಿ 2009ರಲ್ಲಿ ಆರಂಭವಾದ ದಾತ್ರಿಯಂತಹ ನೋಂದಣಿ ಸಂಸ್ಥೆಗಳು ನಮ್ಮಲ್ಲಿವೆ. ಹೆಸರು ನೋಂದಾಯಿಸಲು ಕೆನ್ನೆಯೊಳಗಿನಿಂದ ಹತ್ತಿಯಲ್ಲಿ ಒರಸಿ ತೆಗೆದ ಮಾದರಿ ಸಾಕು. ಹೊಂದಿಕೆಯಾದರೆ ಇಂದು ಹೆಚ್ಚಾಗಿ ರಕ್ತದಾನದ ರೀತಿಯಲ್ಲೇ ತೋಳಿನಿಂದ ಆಕರಕೋಶಗಳನ್ನು ಸಂಗ್ರಹಿಸುತ್ತಾರೆ. ಕೊಟ್ಟವನ ದೇಹ ಕೆಲವೇ ವಾರಗಳಲ್ಲಿ ಅದನ್ನು ತುಂಬಿಕೊಳ್ಳುತ್ತದೆ. ನಮ್ಮ ಸಂಘ ಸಂಸ್ಥೆಗಳು ರಕ್ತದಾನ ಶಿಬಿರಗಳನ್ನು ಉತ್ಸಾಹದಿಂದ ನಡೆಸುತ್ತವೆ. ಅದರ ಜೊತೆಗೇ ಈ ನೋಂದಣಿಗೂ ಒಂದು ಮೇಜು ಇಡಲು ಏನು ಅಡ್ಡಿ?

ಕೊಟ್ಟಷ್ಟೂ ಕರಗದ ಸಂಪತ್ತು ದೇಹದಲ್ಲಿ ಬಹಳವೇನೂ ಇಲ್ಲ. ಮಜ್ಜೆ ಅವುಗಳಲ್ಲೊಂದು. ಅರುವತ್ತಕ್ಕೂ ಹೆಚ್ಚು ವರ್ಷಗಳ ಹಿಂದೆ, ಏನಾಗುವುದೋ ಎಂದು ಯಾರಿಗೂ ಗೊತ್ತಿಲ್ಲದ ಕಾಲದಲ್ಲಿ ಪ್ಯಾರಿಸ್ಸಿನ ಆ ಕೆಲವರು ಪರದೇಶದವರಿಗೆ ಅದನ್ನು ಕೊಟ್ಟರು. ಎಲ್ಲವೂ ಗೊತ್ತಿರುವ ಈ ಕಾಲದಲ್ಲಿ ನಮ್ಮೂರಿನ ಮಗುವಿಗೆ ಕೊಡಲು ನಾವು ಹಿಂಜರಿಯಬಾರದು.